ರಾಜಾಜ್ಞೆಯೂ ಮನೆಯ ಬಾಗಿಲೂ
ಎಂಟಿಕ್ ಮೊಕದ್ದಮೆಯ ಕಥೆ

ಕ್ರಿಸ್ತಶಕ 1762ನೆಯ ಇಸವಿ ನವೆಂಬರು 11ನೆಯ ದಿನ, ಲಂಡನ್ ನಗರದ ಪೂರ್ವಕ್ಕಿರುವ ಸ್ಟೆಪ್ನಿ ಎಂಬ ಸ್ಥಳದಲ್ಲಿ, ಜಾನ್ ಎಂಟಿಕ್ ಎಂಬ ಗ್ರಂಥಕರ್ತನ ಮನೆಗೆ ನಾಲ್ವರು ರಾಜಭೃತ್ಯರು ಬಂದರು. ಅರಸನ ದೂತರೆಂದು ಇವರಿಗೆ ಹೆಸರು. ಇವರಲ್ಲಿ ಮುಖ್ಯನಾದವನು ನೇಥನ್ ಕ್ಯಾರಿಂಗ್ಟನ್ ಎಂಬವನು. ಮನೆಯ ಹೊರಬಾಗಿಲು ತೆರೆದಿದ್ದಿತು. ಆದುದರಿಂದ ಅದನ್ನು ಮುರಿಯುವ ಶ್ರಮ ಅವರಿಗೆ ಬೀಳಲಿಲ್ಲ. ಆದರೆ ಒಳಗೆ ಹೋದ ಮೇಲೆ ಅವರು ಸುಮ್ಮನಿರಲಿಲ್ಲ. ನಾಲ್ಕು ಗಂಟೆಗಳ ಕಾಲ ಕೊಠಡಿ ಕೊಠಡಿಯನ್ನೂ ಹೊಕ್ಕು, ಪೆಟ್ಟಿಗೆಗಳ ಬೀಗ ಒಡೆದು, ಮೇಜಿನ ಸೆಳೆಖಾನೆಗಳನ್ನು ಎಳೆದು, ಸಿಕ್ಕಿದ ಕಾಗದಪತ್ರಗಳನ್ನೆಲ್ಲ ಓದಿ, ಬೇಕಾದುದನ್ನು ಹೊತ್ತುಕೊಂಡು ಹೋದರು. ಎಂಟಿಕ್ಕನನ್ನೂ ಹಿಡಿದುಕೊಂಡು ಹೋದರು. ತೆಗೆದುಕೊಂಡು ಹೋದ ವಸ್ತುಗಳಲ್ಲಿ ಮುದ್ರಿತ ಪಟಗಳು 100, ಕಿರುಹೊತ್ತಿಗೆಗಳು 100 ಎಂದು ಅವನು ಮುಂದೆ ಹೂಡಿದ ದಾವೆಯಲ್ಲಿ ಕಾಣಿಸಿದ್ದಾನೆ.

ಈ ಎಂಟಿಕ್ಕನು ಮಹಾಪುರುಷನೇನೂ ಅಲ್ಲ. ಉಪಾಧ್ಯಾಯವೃತ್ತಿಯಿಂದಲೂ ಲೇಖನಿಯಿಂದಲೂ ಹೊಟ್ಟೆ ಹೊರೆಯುತ್ತಿದ್ದ ಸಾಧಾರಣ ಪಂಡಿತ. ನಿಘಂಟು, ಚರಿತ್ರೆ ಮೊದಲಾದ ಪುಸ್ತಕಗಳನ್ನು ಬರೆದವನು. ‘ಮಾನಿಟರ್’ ಎಂಬ ವಾರಪತ್ರಿಕೆಗೂ ಬರೆಯುತ್ತಿದ್ದನೆಂಬುದೇ ಅವನ ಮೇಲಿದ್ದ ಅಪರಾಧ. ಆ ಪತ್ರಿಕೆಯು ಮೂರನೆಯ ಜಾರ್ಜ್ ದೊರೆಯ ಪ್ರೀತಿಪಾತ್ರನಾದ ಪ್ರಧಾನಮಂತ್ರಿ ಬ್ಯೂಟ್ ಪ್ರಭುವನ್ನು ತೀಕ್ಷ್ಣವಾಗಿ ಖಂಡಿಸುತ್ತಿದ್ದಿತು. ಮಂತ್ರಿಗಳಲ್ಲೊಬ್ಬನಾದ ಹ್ಯಾಲಿಫ್ಯಾಕ್ಸ್ ಪ್ರಭುವು ನವೆಂಬರು 6ರಂದು ಒಂದು ವಾರೆಂಟಿಗೆ ರುಜು ಹಾಕಿ, ಎಂಟಿಕ್ಕನನ್ನು ಅವನ ಪುಸ್ತಕಗಳೊಡನೆಯೂ ಕಾಗದಗಳೊಡನೆಯೂ ಹಿಡಿದುತರತಕ್ಕದ್ದೆಂದು ಆಜ್ಞೆ ಮಾಡಿದನು. ಯಾವ ಕಾಗದ? ಎಷ್ಟು? ಯಾವ ವಿಷಯಕ್ಕೆ ಸಂಬಂಧಪಟ್ಟುದು? ವಾರೆಂಟಿನಲ್ಲಿ ಇದೊಂದೂ ಇಲ್ಲ. ಇದ್ದುದೆಲ್ಲವೂ. ಜೊತೆಯಲ್ಲಿ ಒಬ್ಬ ಕಾನ್‌ಸ್ಟೇಬಲನನ್ನು ಕರೆದುಕೊಂಡು ಹೋಗತಕ್ಕದ್ದೆಂದು ಅದರಲ್ಲಿ ಬರೆದಿದ್ದರೂ ದೂತರು ಅದನ್ನು ಲಕ್ಷಿಸಲಿಲ್ಲ.

ಮಂತ್ರಿಯು ಈ ಅಧಿಕಾರವನ್ನು ಎಲ್ಲಿಂದ ತಂದನು? ಇಲ್ಲಿಯೇ ನಮ್ಮ ಕಥೆಯ ತಿರುಳಿರುವುದು. ಇಂಗ್ಲೆಂಡಿನಲ್ಲಿ 1662ರಲ್ಲಿ ಮುದ್ರಣದ ಪರವಾನಗಿಯ ಶಾಸನವೊಂದು ಬಂದಿತು. ಅಪ್ಪಣೆಯಿಲ್ಲದೆ ಅಚ್ಚಾದ ಪುಸ್ತಕಗಳನ್ನು ಹುಡುಕಲು ಮನೆಗಳನ್ನು ಹೊಗುವ ಅಧಿಕಾರವನ್ನು ಅದು ರಾಜಭೃತ್ಯರಿಗೆ ಕೊಟ್ಟಿದ್ದಿತು. ಆ ಶಾಸನವು 1695ರಲ್ಲಿ ಅವಧಿ ಮುಗಿದು ಬಿದ್ದುಹೋಯಿತು. ಪಾರ್ಲಿಮೆಂಟು ಅದನ್ನು ಮತ್ತೆ ಎತ್ತಿ ನಿಲ್ಲಿಸಲಿಲ್ಲ. ಆದರೆ ಕಚೇರಿಗಳ ಸ್ವಭಾವವು ವಿಚಿತ್ರವಾದುದು. ಕಾಯಿದೆ ಸತ್ತರೂ ಕಾಯಿದೆಯ ನಮೂನೆ ಸಾಯುವುದಿಲ್ಲ. ಗುಮಾಸ್ತರು ಹಳೆಯ ವಾರೆಂಟುಗಳನ್ನು ನೋಡಿ ಹೊಸ ವಾರೆಂಟುಗಳನ್ನು ಬರೆದರು. ಮಂತ್ರಿಗಳು ಹಿಂದಿನ ಮಂತ್ರಿಗಳಂತೆಯೇ ರುಜು ಹಾಕಿದರು. ಹೀಗೆ ಸುಮಾರು 70 ವರ್ಷ ನಡೆಯಿತು. ಬ್ಯೂಟನ ವಿರೋಧಿಯೂ ಪ್ರಜಾಪಕ್ಷದ ನಾಯಕನೆಂದು ಹೆಸರಾದವನೂ ಆದ ಹಿರಿಯ ಪಿಟ್ಟನೇ ತಾನು ಅಧಿಕಾರದಲ್ಲಿದ್ದಾಗ ಇಂತಹ ವಾರೆಂಟುಗಳನ್ನು ಹೊರಡಿಸಿದ್ದನು. ಮುದ್ರಕರು, ಅಂಗಡಿಯವರು, ಬಡ ಲೇಖಕರು ಮಂತ್ರಿಯ ಮೇಲೆ ನ್ಯಾಯಸ್ಥಾನಕ್ಕೆ ಹೋಗುವ ಧೈರ್ಯವನ್ನಾಗಲಿ ಹಣವನ್ನಾಗಲಿ ಪಡೆದವರಲ್ಲ. ಯಾರೂ ಕೇಳಲಿಲ್ಲವಾದುದರಿಂದ ಯಾರೂ ಉತ್ತರ ಹೇಳಬೇಕಾಗಿರಲಿಲ್ಲ.

ಕೇಳುವವನು 1763ರಲ್ಲಿ ಹುಟ್ಟಿದನು. ಜಾನ್ ವಿಲ್ಕ್ಸ್ ಎಂಬ ಪಾರ್ಲಿಮೆಂಟಿನ ಸದಸ್ಯನು ‘ನಾರ್ತ್ ಬ್ರಿಟನ್’ ಎಂಬ ತನ್ನ ಪತ್ರಿಕೆಯ 45ನೆಯ ಸಂಚಿಕೆಯಲ್ಲಿ, ಏಪ್ರಿಲ್ 23ರಂದು, ದೊರೆಯ ಭಾಷಣವನ್ನೇ ಟೀಕಿಸಿ ಬರೆದನು. ಭಾಷಣವು ಮಂತ್ರಿಗಳು ಬರೆದುಕೊಟ್ಟದ್ದು, ಆದುದರಿಂದ ಟೀಕೆಯೂ ಮಂತ್ರಿಗಳದೇ ಎಂಬುದು ಅವನ ಚಮತ್ಕಾರ. ಹ್ಯಾಲಿಫ್ಯಾಕ್ಸನು ಈ ಸಲ ಹೊರಡಿಸಿದ ವಾರೆಂಟು ಎಂಟಿಕ್ಕನ ವಾರೆಂಟಿಗಿಂತಲೂ ವಿಶಾಲವಾಗಿದ್ದಿತು. ಇದರಲ್ಲಿ ಯಾರ ಹೆಸರೂ ಇಲ್ಲ. ಆ ಸಂಚಿಕೆಯ ಕರ್ತೃಗಳು, ಮುದ್ರಕರು, ಪ್ರಕಾಶಕರು ಯಾರಾಗಿದ್ದರೂ ಸರಿ, ಹಿಡಿದು ತರಬಹುದು. ದೂತರು ತಮಗೆ ಸಂದೇಹ ಬಂದವರನ್ನೆಲ್ಲ, ಒಟ್ಟು 49 ಮಂದಿಯನ್ನು ಹಿಡಿದರು. ವಿಲ್ಕ್ಸನು ಚಾರಿತ್ರದಲ್ಲಿ ಆದರ್ಶಪುರುಷನಲ್ಲ. ಸಾಲಗಾರ, ಭೋಗಿ, ಬಾಯಿಬಡಿಕ. ಆದರೆ ನಾಡಿನ ಸ್ವಾತಂತ್ರ್ಯಕ್ಕೆ ಸಂಬಂಧಪಟ್ಟ ಮೊಕದ್ದಮೆಗಳು ಸಾಧುಗಳ ಹೆಸರಿನಲ್ಲಿಯೇ ನಡೆಯಬೇಕೆಂಬ ನಿಯಮವಿಲ್ಲವಷ್ಟೆ. ಅವನೂ ಅವನ ಸಂಗಡ ಹಿಡಿಯಲ್ಪಟ್ಟ ಮುದ್ರಕರೂ ರಾಜಭೃತ್ಯರ ಮೇಲೆ ಒಂದಾದ ಮೇಲೊಂದು ದಾವೆ ಹೂಡಿದರು.

ಇವುಗಳಲ್ಲಿ ಹಕ್ಕಲ್ ಎಂಬ ಅಚ್ಚುಕೂಟದ ಕೂಲಿಯವನ ದಾವೆಯು ಶ್ರೋತೃಗಳ ಗಮನಕ್ಕೆ ಯೋಗ್ಯವಾದುದು. ಅವನನ್ನು ಸೆರೆಯಲ್ಲಿಟ್ಟದ್ದು ಸುಮಾರು ಆರು ಗಂಟೆಗಳ ಕಾಲ ಮಾತ್ರ. ಒರಟುತನ ಮಾಡಲಿಲ್ಲ, ಮಾಂಸದ ಊಟವನ್ನೂ ಬೀರನ್ನೂ ಕೊಟ್ಟು ಸತ್ಕಾರವನ್ನೇ ಮಾಡಿದರು. ಅವನ ಕೂಲಿ ವಾರಕ್ಕೆ ಒಂದು ಗಿನಿ. ಜೂರಿಯವರು ಅವನಿಗೆ 300 ಪೌಂಡು ಪರಿಹಾರ ಕೊಡಿಸಿದರು. ಎಂದರೆ ಐದು ವರ್ಷಕ್ಕೆ ಮೀರಿದ ಸಂಬಳ. ಇದು ಅತಿಯಾಯಿತೆಂದು ಸರ್ಕಾರದ ವಕೀಲರು ವಾದಿಸಿದಾಗ ಮುಖ್ಯ ನ್ಯಾಯಾಧಿಪತಿಯಾದ ಚಾರ್ಲ್ಸ್ ಪ್ರಾಟನು ಒಪ್ಪಲಿಲ್ಲ. ಊಟ ಹೇಗಿತ್ತೆಂಬುದು ಪ್ರಶ್ನೆಯಲ್ಲ, ಹೆಸರಿಲ್ಲದ ವಾರೆಂಟು ಹಿಡಿದು ಮನೆ ಹೊಗುವ ಅಧಿಕಾರವನ್ನು ಸ್ಥಾಪಿಸಲು ಹೊರಟದ್ದೇ ಜೂರಿಯವರ ಕಣ್ಣಿಗೆ ಬಿದ್ದದ್ದು ಎಂದು ಅವನು ತಿಳಿಸಿದನು. ಅದೇ ವರ್ಷದ ಡಿಸೆಂಬರಿನಲ್ಲಿ ವಿಲ್ಕ್ಸನಿಗೆ ಉಪಕಾರ್ಯದರ್ಶಿಯಾಗಿದ್ದ ರಾಬರ್ಟ್ ವುಡ್ಡನ ಮೇಲೆ 1000 ಪೌಂಡು ದೊರೆಯಿತು. ‘ಮಾನಿಟರ್’ ಪತ್ರಿಕೆಗೆ ಸಂಬಂಧಿಸಿದ ವಕೀಲನಾದ ಬಿಯರ್ಡ್‌ಮೋರನಿಗೆ 1764ರಲ್ಲಿ ಮತ್ತೆ 1000 ಪೌಂಡು. ಹ್ಯಾಲಿಫ್ಯಾಕ್ಸನ ಸರದಿ 1769ರಲ್ಲಿ ಬಂದು, ಅವನು 4000 ಪೌಂಡು ತೆರಬೇಕಾಯಿತು.

ಈ ಎಲ್ಲ ಗದ್ದಲದ ನಡುವೆ ಎಂಟಿಕ್ಕನ ದಾವೆಯು ಸದ್ದಿಲ್ಲದ್ದು. ಶಾಸ್ತ್ರದೃಷ್ಟಿಯಿಂದ ಅದೇ ಎಲ್ಲಕ್ಕಿಂತಲೂ ಘನವಾದುದು. ಏಕೆಂದರೆ, ಹೆಸರಿಲ್ಲದ ವಾರೆಂಟನ್ನು ಹಳಿಯುವುದು ಸುಲಭ. ಎಂಟಿಕ್ಕನ ವಾರೆಂಟಿನಲ್ಲಿ ಹೆಸರಿದ್ದಿತು. ಮಂತ್ರಿಯ ರುಜು ಇದ್ದಿತು. ಮಂತ್ರಿಗೆ ಕೆಡುಕು ಮಾಡುವ ಉದ್ದೇಶವಿತ್ತೆಂದು ಯಾರೂ ಸಾಧಿಸಲಿಲ್ಲ. ಹಾಗಿದ್ದರೂ ಅದು ನ್ಯಾಯಸಮ್ಮತವೇ ಎಂಬ ಶುದ್ಧವಾದ ಪ್ರಶ್ನೆಯೇ ಅಲ್ಲಿ ನಿಂತದ್ದು. ಎಂಟಿಕ್ಕನು 2000 ಪೌಂಡು ಕೇಳಿದ್ದನು. ಜೂರಿಯವರು ನಡೆದ ಸಂಗತಿಗಳನ್ನು ಮಾತ್ರ ನಿಷ್ಕರ್ಷೆ ಮಾಡಿ, ಕಾಯಿದೆಯು ವಾದಿಯ ಪರವಾಗಿದ್ದರೆ 300 ಪೌಂಡು ಸಲ್ಲತಕ್ಕದ್ದು ಎಂದು ಹೇಳಿ, ಕಾಯಿದೆಯ ಪ್ರಶ್ನೆಯನ್ನು ನ್ಯಾಯಾಧಿಪತಿಗಳಿಗೆ ಬಿಟ್ಟರು. ಅಷ್ಟರಲ್ಲಿ ಪ್ರಾಟನು ಕ್ಯಾಮ್ಡನ್ ಪ್ರಭುವೆಂಬ ಬಿರುದು ಪಡೆದಿದ್ದನು. 1765ರಲ್ಲಿ ತೀರ್ಪಾಯಿತು.

ಸರ್ಕಾರದ ಪಕ್ಷದವರು ಹೂಡಿದ ವಾದಗಳು ಬಲವಿಲ್ಲದವಲ್ಲ. ಮೊದಲನೆಯದು, ರೂಢಿ: ಇಂತಹ ವಾರೆಂಟುಗಳು ರಾಜ್ಯಕ್ರಾಂತಿಯಾದಂದಿನಿಂದ ಒಬ್ಬ ಮಂತ್ರಿಯಾದ ಮೇಲೊಬ್ಬ ಮಂತ್ರಿಯ ಕಾಲದಲ್ಲಿ ಹೊರಟಿವೆ, ಯಾವ ನ್ಯಾಯಸ್ಥಾನವೂ ಅಲ್ಲಗಳೆದಿಲ್ಲ. ಕ್ಯಾಮ್ಡನನ ಉತ್ತರವು ಗುಮಾಸ್ತರ ಕೋಣೆಯನ್ನು ಬಲ್ಲವನ ಉತ್ತರ. ಕಚೇರಿಯ ಪದ್ಧತಿಯು ಕಚೇರಿಯವರಿಗೆ ಮಾತ್ರ ಗೊತ್ತಿದ್ದುದು. ಬಡ ಮುದ್ರಕನು ಅಂಜಿ ಬಾಯಿ ಮುಚ್ಚಿಕೊಂಡದ್ದನ್ನು ಇಡೀ ದೇಶದ ಸಮ್ಮತಿಯೆಂದು ಎಣಿಸುವುದು ಹೇಗೆ? ಅದು ಕಾಯಿದೆಯಾಗಿದ್ದರೆ ಕಾಯಿದೆಯ ಗ್ರಂಥಗಳಲ್ಲಿ ಸಿಕ್ಕಬೇಕು. ಅಲ್ಲಿ ಸಿಕ್ಕದಿದ್ದರೆ ಅದು ಕಾಯಿದೆಯಲ್ಲ. ಎರಡನೆಯದು, ಅಧಿಕಾರಿಗಳಿಗಿರುವ ರಕ್ಷಣೆ: ಮ್ಯಾಜಿಸ್ಟ್ರೇಟರ ವಾರೆಂಟನ್ನು ನಡೆಸಿದ ಕಾನ್‌ಸ್ಟೇಬಲರಿಗೆ ಒಂದು ಶಾಸನದ ಆಶ್ರಯವಿದೆ, ಅದು ಈ ದೂತರಿಗೂ ಸಲ್ಲಬೇಕು. ಇದಕ್ಕೆ ಉತ್ತರ: ಮಂತ್ರಿಯು ಮ್ಯಾಜಿಸ್ಟ್ರೇಟನಲ್ಲ, ದೂತನು ಕಾನ್‌ಸ್ಟೇಬಲನೂ ಅಲ್ಲ. ಮೂರನೆಯದು, ಎಲ್ಲ ಕಾಲದಲ್ಲಿಯೂ ಎಲ್ಲ ದೇಶದಲ್ಲಿಯೂ ಸರ್ಕಾರಗಳು ಕಟ್ಟಕಡೆಗೆ ಹಿಡಿಯುವ ಆಯುಧ: ರಾಜ್ಯದ ಅಗತ್ಯ. ರಾಜದ್ರೋಹದ ಬರಹಗಳನ್ನು ಮೊಳಕೆಯಲ್ಲಿಯೇ ಚಿವುಟದಿದ್ದರೆ ರಾಜ್ಯಕ್ಕೆ ಅಪಾಯ. ಇಂತಹ ಅಗತ್ಯವೆಂಬುದನ್ನು ನಮ್ಮ ನ್ಯಾಯಪದ್ಧತಿ ಅರಿಯದು ಎಂದು ಕ್ಯಾಮ್ಡನನು ಹೇಳಿದನು. ಅಗತ್ಯವಿದ್ದರೆ ಪಾರ್ಲಿಮೆಂಟು ಶಾಸನ ಮಾಡಲಿ. ಮಂತ್ರಿಯು ತನ್ನ ಅಗತ್ಯವನ್ನು ತಾನೇ ಶಾಸನ ಮಾಡಿಕೊಳ್ಳಕೂಡದು.

ತೀರ್ಪಿನಲ್ಲಿ ನನಗೆ ಅತ್ಯಂತ ಸ್ವಾರಸ್ಯವೆಂದು ತೋರುವುದು ಅವನು ಕೊಡುವ ಒಂದು ಹೋಲಿಕೆ. ಕಳವಿನ ಮಾಲನ್ನು ಹುಡುಕುವುದಕ್ಕೂ ವಾರೆಂಟು ಉಂಟು. ಅದಕ್ಕೆ ಎಷ್ಟು ಕಟ್ಟುಗಳಿವೆ! ಮಾಲು ಹೋದವನು ಪ್ರಮಾಣ ಮಾಡಿ ಹೇಳಬೇಕು. ಮಾಲು ಇಂತಹ ಮನೆಯಲ್ಲಿದೆಯೆಂದು ನಂಬುವುದಕ್ಕೆ ಕಾರಣ ತೋರಿಸಬೇಕು. ಕಾನ್‌ಸ್ಟೇಬಲನು ಸಂಗಡ ಹೋಗಬೇಕು. ಮಾಲು ಸಿಕ್ಕದಿದ್ದರೆ ಚಾಡಿ ಹೇಳಿದವನು ಹೊಣೆಯಾಗಬೇಕು. ಒಂದು ಬೆಳ್ಳಿಯ ಚಮಚೆಗಾಗಿ ಇಷ್ಟು ಎಚ್ಚರಿಕೆ. ಮನುಷ್ಯನ ಕಾಗದಪತ್ರಗಳಿಗಾಗಿ, ಅವನ ಅಂತರಂಗದ ರಹಸ್ಯಗಳಿಗಾಗಿ, ಯಾವ ಎಚ್ಚರಿಕೆಯೂ ಇಲ್ಲ. ಪ್ರಮಾಣವಿಲ್ಲ, ಸಾಕ್ಷಿಯಿಲ್ಲ, ತೆಗೆದುಕೊಂಡದ್ದರ ಪಟ್ಟಿಯಿಲ್ಲ. ಅಪರಾಧ ಸ್ಥಾಪಿತವಾಗುವ ಮೊದಲೇ ಅಪರಾಧಕ್ಕೆ ಆಧಾರವನ್ನು ಆರೋಪಿತನ ಪೆಟ್ಟಿಗೆಯಿಂದಲೇ ಕಿತ್ತು ತೆಗೆಯುವುದು ಅವನ ಬಾಯಿಂದಲೇ ಅವನ ಮೇಲೆ ಸಾಕ್ಷಿ ನುಡಿಸಿದಂತೆ ಎಂದೂ ಅವನು ಸೂಚಿಸಿದನು. ಅಪನಿಂದೆಯ ಬರಹಗಳನ್ನು ಕ್ಯಾಮ್ಡನನು ಮೆಚ್ಚಿದವನಲ್ಲ. ಅವುಗಳ ಕರ್ತೃಗಳಿಗೆ ಶಿಕ್ಷೆಯಾಗಬೇಕೆಂದೇ ಅವನ ಮತ. ಶಿಕ್ಷೆಯ ದಾರಿ ನೆಟ್ಟಗಿರಬೇಕೆಂಬುದಷ್ಟೇ ಅವನ ಹಟ.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಎಂಟಿಕ್ಕನು ದಾವೆ ಹೂಡಿದ್ದು ದೊರೆಯ ಮೇಲಲ್ಲ, ದೂತರ ಮೇಲೆ. ದಾವೆಯ ಸ್ವರೂಪವೂ ಅತಿ ಸಾಮಾನ್ಯವಾದುದು: ಪಕ್ಕದ ಮನೆಯವನು ಬೇಲಿ ದಾಟಿ ಹಿತ್ತಿಲಿಗೆ ಬಂದರೆ ಹೂಡುವ ಅತಿಕ್ರಮಪ್ರವೇಶದ ದಾವೆ. ಎಯ್ದವನನ್ನು ಬಿಟ್ಟು ಅಂಬಿನ ಮೇಲೆ ಮುನಿಯುವುದು ಸಲ್ಲದೆಂದು ನಮ್ಮಲ್ಲಿ ಹೇಳುವುದುಂಟು. ಇಂಗ್ಲೆಂಡಿನ ನ್ಯಾಯವಾದರೋ ಅಂಬಿನ ಮೇಲೆಯೇ ಮುನಿಯಿತು. ಮೇಲಿನವರು ಹೇಳಿದರು, ನಾನು ಮಾಡಿದೆ ಎಂಬ ಮಾತು ಅಲ್ಲಿ ಸಮಾಧಾನವಾಗಲಿಲ್ಲ. ಕ್ಯಾರಿಂಗ್ಟನನು ತಾನು ಎಂಟಿಕ್ಕನ ನೆಲವನ್ನು ಮೆಟ್ಟಲು ಯಾವ ಕಾಯಿದೆ ಅಪ್ಪಣೆ ಕೊಟ್ಟಿತೆಂದು ತೋರಿಸಬೇಕು. ತೋರಿಸಲಾರದೆ ಹೋದರೆ ಅವನು ಸಾಧಾರಣ ಅತಿಕ್ರಮಿ. ಒಮ್ಮೆ ಈ ನಿಯಮ ಸ್ಥಿರವಾಯಿತೆಂದರೆ ಮಂತ್ರಿಯ ಕೈಯೇ ಕಟ್ಟಿಬೀಳುವುದು. ತಾನು ಸ್ವಂತ ಕಿಸೆಯಿಂದ ದಂಡ ತೆರಬೇಕಾದೀತೆಂಬ ಭಯವಿದ್ದ ದೂತನು ವಾರೆಂಟನ್ನು ಎರಡು ಸಲ ಓದುತ್ತಾನೆ. ಡೈಸಿ ಎಂಬ ಪಂಡಿತನು 1885ರಲ್ಲಿ ಇಂಗ್ಲಿಷರ ರಾಜ್ಯಾಂಗವನ್ನು ವಿವರಿಸಿ ಬರೆದಾಗ, ಪ್ರಧಾನಮಂತ್ರಿಯಿಂದ ಕಾನ್‌ಸ್ಟೇಬಲನವರೆಗೆ ಎಲ್ಲರೂ ಒಂದೇ ನ್ಯಾಯಸ್ಥಾನಕ್ಕೆ ಬಾಧ್ಯರೆಂಬುದನ್ನು ಅದರ ಒಂದು ಮೂಲಕಂಬವೆಂದು ಗಣಿಸಿದ್ದಕ್ಕೆ ಹಿನ್ನೆಲೆ ಇದೇ.

ನ್ಯಾಯಾಧಿಪತಿಗೆ ಇಷ್ಟು ಧೈರ್ಯ ಹೇಗೆ ಬಂದಿತು? ಧೈರ್ಯವನ್ನು ಗುಣವೆಂದು ಹೊಗಳಿ ಸುಮ್ಮನಾಗಬಹುದು. ಆದರೆ ಅದಕ್ಕೆ ಅಡಿಪಾಯವೂ ಬೇಕು. ಎಡ್ವರ್ಡ್ ಕೋಕ್ ಎಂಬ ಮುಖ್ಯ ನ್ಯಾಯಾಧಿಪತಿ ಒಂದನೆಯ ಜೇಮ್ಸ್ ದೊರೆಗೆ ಎದುರಾಡಿದ್ದಕ್ಕಾಗಿ 1616ರಲ್ಲಿ ಪದವಿಯನ್ನು ಕಳೆದುಕೊಂಡನು. ದೊರೆಯ ಪ್ರಸಾದವಿರುವ ತನಕ ಮಾತ್ರ ಪದವಿ ಎಂಬ ನಿಯಮವಿದ್ದ ಕಾಲ ಅದು. 1701ರ ಶಾಸನವು ಅದನ್ನು ತಪ್ಪಿಸಿ, ಸನ್ನಡತೆಯಿರುವ ತನಕ ನ್ಯಾಯಾಧಿಪತಿಯನ್ನು ದೊರೆ ಕದಲಿಸಕೂಡದೆಂದು ವಿಧಿಸಿತು. ದೊರೆ ಸತ್ತಾಗ ನ್ಯಾಯಾಧಿಪತಿಗಳ ಪದವಿಯೂ ಮುಗಿಯುವುದೆಂಬ ಒಂದು ಬಿರುಕು ಉಳಿದಿದ್ದಿತು. ಮೂರನೆಯ ಜಾರ್ಜನ ಆಳಿಕೆಯ ಮೊದಲಿನಲ್ಲಿ ಅದನ್ನೂ ಮುಚ್ಚಿದರು. ಯಾವ ದೊರೆಯ ಮಂತ್ರಿಗಳನ್ನು ಕ್ಯಾಮ್ಡನನು ತಡೆದನೋ ಆ ದೊರೆಯ ಕಾಲದಲ್ಲಿಯೇ ಅವನ ಪೀಠವು ಭದ್ರವಾಯಿತು. ಇದು ಚರಿತ್ರೆಯ ಒಂದು ವಿನೋದ.

ಇನ್ನೊಂದು ವಿನೋದವನ್ನು ಹೇಳದೆ ಬಿಟ್ಟರೆ ನ್ಯಾಯವಲ್ಲ. ತೀರ್ಪಾದ ಮರುವರ್ಷ, 1766ರಲ್ಲಿ, ಕ್ಯಾಮ್ಡನನೇ ಮಂತ್ರಿಮಂಡಲವನ್ನು ಸೇರಿ ಲಾರ್ಡ್ ಛಾನ್ಸಲರನಾದನು. ಆ ವರ್ಷ ಬೆಳೆ ಕೆಟ್ಟಿತು. ಧಾನ್ಯದ ಬೆಲೆ ಏರಿ ಜನ ದಂಗೆ ಎದ್ದರು. ಪಾರ್ಲಿಮೆಂಟು ಸೇರಿರಲಿಲ್ಲ. ಮಂತ್ರಿಗಳು ದೊರೆಯ ಘೋಷಣೆಯೊಂದರಿಂದಲೇ ಧಾನ್ಯದ ರಫ್ತನ್ನು ನಿಲ್ಲಿಸಿದರು. ಅದಕ್ಕೆ ಶಾಸನದ ಆಧಾರವಿರಲಿಲ್ಲ. ಪಾರ್ಲಿಮೆಂಟಿನಲ್ಲಿ ಆಕ್ಷೇಪಣೆ ಬಂದಾಗ, ರಾಜ್ಯದ ಅಗತ್ಯವನ್ನು ನ್ಯಾಯವು ಅರಿಯದೆಂದು ಹೇಳಿದ ಆ ಮನುಷ್ಯನೇ ಅಗತ್ಯವನ್ನು ಮುಂದಿಟ್ಟು, ಇದು ದಬ್ಬಾಳಿಕೆಯಾದರೂ ಹೆಚ್ಚೆಂದರೆ ನಲವತ್ತು ದಿನಗಳ ದಬ್ಬಾಳಿಕೆ ಎಂದು ಸಮರ್ಥಿಸಿದನು. ಜನ ನಕ್ಕರು. ಕಡೆಗೆ ಪಾರ್ಲಿಮೆಂಟು ಕ್ಷಮಾಶಾಸನವೊಂದನ್ನು ಮಾಡಿ ಆ ತಪ್ಪನ್ನು ಮುಚ್ಚಬೇಕಾಯಿತು. ಪೀಠದ ಮೇಲೆ ಕುಳಿತವನಿಗೆ ಕಾಣುವುದು ಮಂತ್ರಿಯ ಕುರ್ಚಿಯಲ್ಲಿ ಕುಳಿತವನಿಗೆ ಕಾಣದು. ನಾನು ಇದನ್ನು ಕ್ಯಾಮ್ಡನನನ್ನು ಹಳಿಯಲು ಹೇಳುತ್ತಿಲ್ಲ; ಆ ಎರಡು ಕುರ್ಚಿಗಳನ್ನು ಬೇರೆಬೇರೆಯಾಗಿ ಇಟ್ಟವರ ವಿವೇಕ ತಿಳಿಯಲೆಂದು ಹೇಳಿದೆನು.

ಅಟ್ಲಾಂಟಿಕ್ ಸಾಗರದ ಆಚೆಯಲ್ಲಿಯೂ ಇದೇ ಜಗಳ ನಡೆಯುತ್ತಿದ್ದಿತು. ಕಳ್ಳಸಾಗಣೆಯ ಮಾಲನ್ನು ಹುಡುಕುವ ನೆಪದಿಂದ ಯಾವ ಮನೆಯನ್ನಾದರೂ ಹೊಗಲು ಸುಂಕದವರಿಗೆ ಕೊಟ್ಟಿದ್ದ ಆಜ್ಞಾಪತ್ರಗಳನ್ನು ಎದುರಿಸಿ ಜೇಮ್ಸ್ ಓಟಿಸ್ ಎಂಬ ವಕೀಲನು 1761ರಲ್ಲಿಯೇ ಬಾಸ್ಟನ್ನಿನಲ್ಲಿ ವಾದಿಸಿದ್ದನು. ಅಮೆರಿಕದವರು ಸ್ವತಂತ್ರರಾದ ಮೇಲೆ, 1791ರಲ್ಲಿ ತಮ್ಮ ರಾಜ್ಯಾಂಗಕ್ಕೆ ಮಾಡಿದ ನಾಲ್ಕನೆಯ ತಿದ್ದುಪಡಿಯಲ್ಲಿ, ಹುಡುಕಬೇಕಾದ ಸ್ಥಳವನ್ನೂ ಹಿಡಿಯಬೇಕಾದ ವಸ್ತುವನ್ನೂ ವಿವರವಾಗಿ ಕಾಣಿಸದ ವಾರೆಂಟು ಹೊರಡಕೂಡದೆಂದು ಬರೆದಿಟ್ಟರು. ಅಲ್ಲಿಯ ಸುಪ್ರೀಂ ಕೋರ್ಟು 1886ರಲ್ಲಿ ಬಾಯ್ಡ್ ಎಂಬವರ ಮೊಕದ್ದಮೆಯಲ್ಲಿ ಕ್ಯಾಮ್ಡನನ ತೀರ್ಪನ್ನು ದೀರ್ಘವಾಗಿ ಉದ್ಧರಿಸಿತು.

ಆದರೂ ಆ ತೀರ್ಪಿನಲ್ಲಿ ಒಂದು ಕುಂದು ಅಡಗಿದ್ದಿತು. ಅದು ನಿಂತದ್ದು ನೆಲದ ಮೇಲೆ. ನೆಲವನ್ನು ಮೆಟ್ಟಿದರೆ ತಪ್ಪು, ವಸ್ತುವನ್ನು ಎತ್ತಿದರೆ ತಪ್ಪು; ಕಣ್ಣಿನಿಂದ ನೋಡುವುದು ಅತಿಕ್ರಮವಲ್ಲವೆಂದು ಕ್ಯಾಮ್ಡನನೇ ಹೇಳಿದ್ದನು. ಮನೆಯನ್ನು ಹೊಗದೆಯೇ, ಬೀಗ ಮುರಿಯದೆಯೇ, ಒಳಗಿನ ಮಾತನ್ನು ಕದ್ದು ಕೇಳುವ ಯಂತ್ರ ಬಂದಾಗ ಏನು ಗತಿ? 1979ರಲ್ಲಿ ಮ್ಯಾಲೋನ್ ಎಂಬ ವ್ಯಾಪಾರಿಯು ಪೋಲೀಸಿನವರು ತನ್ನ ಟೆಲಿಫೋನ್ ಮಾತನ್ನು ಕೇಳಿದರೆಂದು ದೂರಿದಾಗ, ನ್ಯಾಯಾಧಿಪತಿ ಮೆಗ್ಯಾರಿಯು ಇಲ್ಲಿ ಅತಿಕ್ರಮಪ್ರವೇಶವಿಲ್ಲ, ನಿಷೇಧಿಸುವ ಕಾಯಿದೆಯಿಲ್ಲ, ಆದುದರಿಂದ ತಪ್ಪೂ ಇಲ್ಲ ಎಂದು ತೀರ್ಮಾನಿಸಿದನು. ಕಾಯಿದೆ ಅಪ್ಪಣೆ ಕೊಟ್ಟದ್ದನ್ನು ಮಾತ್ರ ಸರ್ಕಾರ ಮಾಡಬಹುದೆಂಬ ಮಾತು ತಲೆಕೆಳಗಾಗಿ, ಕಾಯಿದೆ ಬೇಡವೆನ್ನದ್ದನ್ನೆಲ್ಲ ಸರ್ಕಾರ ಮಾಡಬಹುದೆಂದಾಯಿತು. 1984ರಲ್ಲಿ ಯೂರೋಪಿನ ಮಾನವಹಕ್ಕುಗಳ ನ್ಯಾಯಸ್ಥಾನವು ಇದನ್ನು ಒಪ್ಪದೆ ಹೋದ ಮೇಲೆ 1985ರಲ್ಲಿ ಪಾರ್ಲಿಮೆಂಟು ಶಾಸನ ಮಾಡಿತು.

ನಮ್ಮ ದೇಶಕ್ಕೆ ಬಂದರೆ, 1950ರ ಸಂವಿಧಾನದಲ್ಲಿ ಅಮೆರಿಕದ ನಾಲ್ಕನೆಯ ತಿದ್ದುಪಡಿಯಂತಹ ವಾಕ್ಯವಿಲ್ಲ. ಡಾಲ್ಮಿಯಾ ಸಂಸ್ಥೆಗಳ ಕಾಗದಪತ್ರಗಳನ್ನು ಮ್ಯಾಜಿಸ್ಟ್ರೇಟರ ವಾರೆಂಟಿನ ಮೇಲೆ ಹಿಡಿದಾಗ, 1954ರಲ್ಲಿ ಸುಪ್ರೀಂ ಕೋರ್ಟಿನ ಎಂಟು ಮಂದಿ ನ್ಯಾಯಾಧಿಪತಿಗಳು, ಸಂವಿಧಾನವನ್ನು ರಚಿಸಿದವರು ಬರೆಯದಿದ್ದ ಹಕ್ಕನ್ನು ತಾವು ಹೊರಗಿನಿಂದ ತರಲಾರೆವೆಂದರು. ಅದಕ್ಕಿಂತಲೂ ಕಠಿನವಾದ ಕಾಲ 1975ರಲ್ಲಿ ಬಂದಿತು. ಜೂನ್ 26ರಂದು ಅಟಲ್ ಬಿಹಾರಿ ವಾಜಪೇಯಿ, ಲಾಲ್ ಕೃಷ್ಣ ಆಡ್ವಾಣಿ, ಮಧು ದಂಡವತೆ ಮೊದಲಾದವರು ಬೆಂಗಳೂರಿನಲ್ಲಿ ಬಂಧಿತರಾದರು. ಅವರ ಪರವಾದ ಅರ್ಜಿಗಳು ಕರ್ನಾಟಕದ ಉಚ್ಚ ನ್ಯಾಯಾಲಯಕ್ಕೆ ಬಂದವು. ಅದೂ ಸೇರಿ ಹಲವು ಉಚ್ಚ ನ್ಯಾಯಾಲಯಗಳು ಇಂತಹ ಅರ್ಜಿಗಳನ್ನು ವಿಚಾರಿಸುವ ಅಧಿಕಾರ ತಮಗುಂಟೆಂದುವು. 1976ನೆಯ ಏಪ್ರಿಲ್ 28ರಂದು ಸುಪ್ರೀಂ ಕೋರ್ಟಿನ ನಾಲ್ವರು ಇಲ್ಲವೆಂದರು. ವಿಚಾರಣೆಯ ಕಾಲದಲ್ಲಿ ನ್ಯಾಯಮೂರ್ತಿ ಎಚ್. ಆರ್. ಖನ್ನಾ ಅವರು, ಅಧಿಕಾರಿಯೊಬ್ಬನು ಕಾಯಿದೆಗೆ ವಿರೋಧವಾಗಿ ಪ್ರಾಣವನ್ನೇ ತೆಗೆದರೂ ಪರಿಹಾರವಿಲ್ಲವೇ ಎಂದು ಕೇಳಿದಾಗ, ತಮ್ಮ ವಾದದಂತೆ ಇಲ್ಲವೆಂದು ಅಟಾರ್ನಿ ಜನರಲ್ ಅವರು ಒಪ್ಪಿಕೊಂಡರು. ಖನ್ನಾ ಅವರೊಬ್ಬರೇ ಭಿನ್ನಮತವನ್ನು ಬರೆದರು. 1977ರ ಜನವರಿಯಲ್ಲಿ ಅವರಿಗಿಂತ ಕಿರಿಯರಾದವರನ್ನು ಮುಖ್ಯ ನ್ಯಾಯಮೂರ್ತಿಗಳಾಗಿ ನೇಮಿಸಲಾಯಿತು. ಖನ್ನಾ ಅವರು ರಾಜೀನಾಮೆ ಕೊಟ್ಟರು. ಕೋಕನ ಕಾಲದಂತೆ ತೆಗೆದುಹಾಕಲಿಲ್ಲ, ದಾಟಿ ಹೋದರು, ಅಷ್ಟೆ ವ್ಯತ್ಯಾಸ.

1954ರ ತೀರ್ಪಿನ ಮಾತೂ 1976ರ ತೀರ್ಪೂ ಒಂದೇ ದಿನ ಬಿದ್ದುಹೋದುವು. ಆಧಾರ್ ಗುರುತಿನ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಅರ್ಜಿ ಹಾಕಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು, ಆಗ ಅವರಿಗೆ ಎಂಬತ್ತು ವರ್ಷ ಮೀರಿದ್ದಿತು. 2017ನೆಯ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿ ಬಾಳಿನ ಹಕ್ಕು ಮೂಲಭೂತ ಹಕ್ಕೇ ಸರಿಯೆಂದು ಹೇಳಿದರು. ಈ ತೀರ್ಪು ಕ್ಯಾಮ್ಡನನ ತೀರ್ಪಿಗಿಂತ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಕಾಯಿದೆಯನ್ನು ತೋರಿಸು ಎಂದಷ್ಟೇ ಅವನು ಕೇಳಿದ್ದನು. ತೋರಿಸಿದರೆ ಅವನ ಪ್ರಶ್ನೆ ಮುಗಿಯಿತು, ಏಕೆಂದರೆ ಅವನ ದೇಶದಲ್ಲಿ ಪಾರ್ಲಿಮೆಂಟಿನ ಮೇಲೆ ಬೇರೊಂದು ಪ್ರಮಾಣವಿರಲಿಲ್ಲ. ಲಿಖಿತ ಸಂವಿಧಾನವಿರುವ ನಮ್ಮಲ್ಲಿ ಕಾಯಿದೆಯನ್ನು ತೋರಿಸಿದ ಮೇಲೆಯೂ ಪ್ರಶ್ನೆಗಳು ಉಳಿಯುತ್ತವೆ: ಅದರ ಉದ್ದೇಶ ಯುಕ್ತವೇ? ಉದ್ದೇಶಕ್ಕೆ ಬೇಕಾದುದಕ್ಕಿಂತ ಹೆಚ್ಚಾಗಿ ಅದು ಹಕ್ಕನ್ನು ಕತ್ತರಿಸುತ್ತದೆಯೇ?

ಈ ಪ್ರಶ್ನೆಗಳಿಗೆ ಕೆಲಸ ಬೇಗನೆ ಒದಗಿತು. ಜನರ ವೈಯಕ್ತಿಕ ಮಾಹಿತಿಯನ್ನು ಕಾಪಾಡಲೆಂದು ಭಾರತದ ಸಂಸತ್ತು 2023ರಲ್ಲಿ ಮಾಡಿದ ಶಾಸನದ 17ನೆಯ ಪ್ರಕರಣವು, ದೇಶದ ಭದ್ರತೆ, ಸಾರ್ವಜನಿಕ ಶಾಂತಿ ಮೊದಲಾದ ಕಾರಣಗಳಿಗಾಗಿ ತಾನು ಸೂಚಿಸಿದ ಸರ್ಕಾರಿ ಅಂಗಗಳನ್ನು ಆ ಶಾಸನದಿಂದ ಹೊರಗಿಡುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಹ್ಯಾಲಿಫ್ಯಾಕ್ಸನ ವಕೀಲರು ಗ್ರಂಥಗಳಲ್ಲಿ ಹುಡುಕಿಯೂ ಕಾಣದಿದ್ದ ರಾಜ್ಯದ ಅಗತ್ಯವೆಂಬ ಮಾತು ಇಲ್ಲಿ ಗ್ರಂಥದಲ್ಲಿಯೇ ಅಚ್ಚಾಗಿದೆ.